ಅವ್ವ ಕೂರುವ ಕಡೆ

ನಮ್ಮವ್ವನಿಗೆ ಕಾರು ಆಗಲ್ಲ. ಬಸ್ಸು ಮೊದಲೇ ಆಗಲ್ಲ. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಬಸ್ ಹತ್ತುವ ಮೊದಲೇ ಸೆರಗು ಬಾಯಿಗೆ ಹೋಗುತ್ತೆ. ಕೆಲಸಕ್ಕೆ ಸೇರಿ ಏಳು ವರ್ಷಕ್ಕೆ ಕಾರು ತಗೊಂಡೆ. ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಲಕ್ಷ್ಮೀಕಾಂತ ಸ್ವಾಮಿ ದೇವಸ್ಥಾನದ ಮುಂದೆ ಪೂಜೆ ಮಾಡಿಸಿ, ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಎರಡು ಕಿಲೋಮೀಟರ್ ದಾಟುವಷ್ಟರಲ್ಲಿ ಹೊಸ ಕಾರಿನ ಮ್ಯಾಟ್ ತೊಳೆಯಬೇಕಾಯಿತು. ಅವತ್ತಿಂದ ಅವ್ವ ಕಾರಿನ ಕಡೆ ತಿರುಗಿಯೂ ನೋಡಿಲ್ಲ. ಬೈಕಾದರೆ ಮಾತ್ರ ಏನೂ ಆಗಲ್ಲ. 'ಮಕದ ಮೇಲೆ ಗಾಳಿ ಆಡ್ತಿದ್ರೆ ನಂಗೆ ಏನೂ ಆಗಲ್ಲ ಕಣಪ್ಪ' ಅಂತಾಳೆ.

ಹೀಗಾಗಿ ದೇವನೂರಿಂದ ಅಜ್ಜಂಪುರದ ಹತ್ತಿರ ಇರುವ ಅವಳ ತವರಿಗೆ ಹೋಗಬೇಕು ಅಂದರೆ ನನ್ನ ಬೈಕೇ ಗತಿ. ಎರಡು ವರ್ಷದ ಹಿಂದೆ ದೊಡ್ಡ ಮಾವನಿಗೆ ಲಕ್ವ ಹೊಡೆಯಿತು. ಎಡಗಡೆ ಕೈಕಾಲು ನಿಂತುಹೋಯಿತು, ಮಾತು ಅರ್ಧ ಹೋಯಿತು. ಅವ್ವ ಹೋಗಿ ಎದುರಿಗೆ ಕೂತರೆ ಮಾತ್ರ ಸರಿಯಾಗಿ ಎರಡು ತುತ್ತು ಉಣ್ಣುತ್ತಾರೆ ಅಂತ ಅತ್ತೆ ಫೋನ್ ಮಾಡಿದ ಮೇಲೆ, ನಾನು ಬೆಂಗಳೂರಿಂದ ಶನಿವಾರ ರಾತ್ರಿ ಊರಿಗೆ ಬರೋದು, ಭಾನುವಾರ ಬೆಳಿಗ್ಗೆ ಅವ್ವನನ್ನು ಹಿಂದೆ ಕೂರಿಸಿಕೊಂಡು ಕಡೂರು, ಬೀರೂರು ದಾಟಿ ಅಜ್ಜಂಪುರದ ಕಡೆ ಹೋಗೋದು, ಹದಿನೈದು ದಿನಕ್ಕೊಮ್ಮೆ ಇದು ನಿಯಮ ಆಯಿತು. ಅವ್ವನಿಗೆ ಈಗ 62.

ಆ ದಾರಿಯಲ್ಲಿ ಅವ್ವ ಬಹಳ ಕಡೆ ನಿಲ್ಲಿಸುತ್ತಿದ್ದಳು. ಕಡೂರಲ್ಲಿ ಹೂವು ತಗೋಬೇಕು. ಬೀರೂರಲ್ಲಿ ಬಾಳೆಹಣ್ಣು ತಗೋಬೇಕು, ಕಡೂರಿನ ಬಾಳೆಹಣ್ಣು ಯಾಕೆ ಆಗಲ್ಲ ಅಂದರೆ ಉತ್ತರ ಇಲ್ಲ. ಬೀರೂರು ದಾಟಿದ ಮೇಲೆ ಒಂದು ಹುಣಸೆಮರ ಇದೆ, ಅದರ ಕೆಳಗೆ ನೀರು ಕುಡಿಯಬೇಕು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆಯಲ್ಲ, ಅಲ್ಲಿಯ ದನ ರಸ್ತೆಯಿಂದ ಕಂಡರೆ ಸಾಕು, 'ನಿಲ್ಸಪ್ಪ, ಆ ಕೊಂಬು ನೋಡಣ.' ಒಂದು ಸಲ ಟೀ ಕುಡಿಯೋಣ ಅಂದಳು. ನಮ್ಮವ್ವ ಟೀ ಕುಡಿಯೋದಿಲ್ಲ. ಆ ಲೋಟ ಕೈಯಲ್ಲಿ ಹಿಡಕೊಂಡು, ಅಂಗಡಿಯ ಬೆಂಚಿನ ಮೇಲೆ ಕೂರದೆ, ಅದು ತಣ್ಣಗಾಗುವವರೆಗೂ ನಿಂತೇ ಇದ್ದು, ಕೊನೆಗೆ ನನಗೇ ಕೊಟ್ಟಳು. ವಯಸ್ಸಾದ ಮೇಲೆ ಊರು ನೋಡುವ ಆಸೆ ಜಾಸ್ತಿ ಆಗುತ್ತೆ ಅಂತ ಅಂದುಕೊಂಡೆ. ಬಗ್ ಕಣ್ಣೆದುರೇ ಇದ್ದರೂ ಅದನ್ನು ಫೀಚರ್ ಅಂತ ಓದಿಕೊಳ್ಳೋದು ನಮ್ಮ ವೃತ್ತಿಯ ದೋಷ.

ವಿಷಯ ಹೇಳಿದ್ದು ಅತ್ತೆ. ಕೈ ತೊಳೆಯೋಕೆ ಹಿತ್ತಲಿಗೆ ಹೋದಾಗ ಮೆಲ್ಲಗೆ ಕೇಳಿದರು: 'ನಿಮ್ಮವ್ವುಂಗೆ ಏನಾಗೈತೆ? ಬಂದ್ ತಕ್ಷಣ ಒಳಮನೆಗೆ ಹೋಗಿ ಗ್ವಾಡೆಗೆ ಒರಗಿ ನಿಂತ್ಕತಾಳೆ. ಚಾಪೆ ಹಾಕಿದ್ರೂ ಕೂರಲ್ಲ. ಕಾಲು ಮರಗಟ್ಟೈತೆ, ನಿನಗೆ ಹೇಳ್ಬ್ಯಾಡ ಅಂತಾಳೆ. ಹೇಳಿದ್ರೆ ಕರ್ಕೊಂಡ್ ಬರೋದು ನಿಲ್ಲಿಸ್ಬುಡ್ತಾನೆ ಅಂತ.'

ಹೂವು, ಬಾಳೆಹಣ್ಣು, ಹುಣಸೆಮರ, ಅಮೃತಮಹಲ್ ದನದ ಕೊಂಬು, ಎಲ್ಲ ಒಂದೇ ಸಲಕ್ಕೆ ಅರ್ಥ ಆಯಿತು.

ಬೈಕಿನ ಕಂಪನಿ ಹೆಸರು ಬೇಡ. ದೂರದ ಪ್ರಯಾಣಕ್ಕೇ ಮಾಡಿದ್ದು ಅಂತ ಮಾರುವ ಬೈಕು. ಐದು ವರ್ಷದಲ್ಲಿ ಅದಕ್ಕೆ ನಾನು ಮಾಡಿದ ಖರ್ಚು ನೋಡಿ: ಹ್ಯಾಂಡಲ್ ಎತ್ತರಿಸುವ ರೈಸರ್, ಎದೆಗೆ ಗಾಳಿ ಹೊಡೆಯದಂತೆ ದೊಡ್ಡ ವಿಂಡ್‌ಶೀಲ್ಡ್, ಮೊಬೈಲ್ ಹೋಲ್ಡರ್, ಫಾಗ್ ಲೈಟು, ಕೈಗೆ ಮೆತ್ತನೆಯ ಗ್ರಿಪ್ಪು. ಎಲ್ಲವೂ ಪೆಟ್ರೋಲ್ ಟ್ಯಾಂಕಿಗಿಂತ ಮುಂದಕ್ಕೆ, ಇಲ್ಲವೇ ನನ್ನ ಕೈಗೆ ಸಿಗುವಷ್ಟು ದೂರಕ್ಕೆ. ನನ್ನ ಬೆನ್ನಿನ ಹಿಂದೆ ಒಂದು ರೂಪಾಯಿ ಖರ್ಚಾಗಿರಲಿಲ್ಲ. ಬೈಕ್ ಕೊಳ್ಳುವಾಗ ಶೋರೂಮಿನಲ್ಲಿ ಹಿಂದಿನ ಸೀಟಿನ ಮೇಲೆ ಒಂದು ನಿಮಿಷ ಕೂತು ನೋಡಿದ ಗಂಡಸರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಮುಂದಿನ ಸಲ ಊರಿಗೆ ಬಂದಾಗ ಚಿಕ್ಕಪ್ಪನ ಮಗನ ಕೈಗೆ ಕೀ ಕೊಟ್ಟು, ನಾನು ಹಿಂದೆ ಕೂತೆ. ಅದೂ ಅವ್ವನ ಥರಾನೇ, ಎರಡೂ ಕಾಲು ಎಡಗಡೆ ಹಾಕಿ. ನಮ್ಮೂರಿಂದ ಕಡೂರಿಗೆ ಹೋಗಿ ವಾಪಸ್. ದಾರಿಯಲ್ಲಿ ನೋಡಿದವರೆಲ್ಲ ನಕ್ಕರು. ನಮ್ಮೂರು ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರು. ಅಶ್ವಮೇಧದ ಕುದುರೆ ಹಿಡಕೊಂಡು ದೇಶ ದೇಶ ಸುತ್ತುವ ಕಥೆ ಅದು. ಆ ಕುದುರೆಯ ಮೇಲೆ ಯಾರೂ ಕೂರೋದಿಲ್ಲ, ಆದ್ದರಿಂದ ಇಂಥ ಸಮಸ್ಯೆಗೆ ಕವಿಯ ಕಡೆಯಿಂದ ಸಹಾಯ ಸಿಗೋದಿಲ್ಲ.

ಮೊದಲ ಐದು ನಿಮಿಷ ಏನೂ ಅನಿಸಲಿಲ್ಲ. ಹತ್ತನೇ ನಿಮಿಷಕ್ಕೆ ಎಡ ತೊಡೆಯ ಕೆಳಗೆ ಸೀಟಿನ ಅಂಚು ಕೊರೆಯೋಕೆ ಶುರುವಾಯಿತು. ಸೀಟು ಮುಂದಕ್ಕೆ ಇಳಿಜಾರು, ಬ್ರೇಕ್ ಹಾಕಿದಾಗಲೆಲ್ಲ ಜಾರಿ ತಮ್ಮನ ಬೆನ್ನಿಗೆ ಒರಗುತ್ತಿದ್ದೆ, ಮತ್ತೆ ತೆವಳಿ ಹಿಂದಕ್ಕೆ ಹೋಗಬೇಕು. ಸೊಂಟ ಒಂದು ಕಡೆ, ನೋಟ ಇನ್ನೊಂದು ಕಡೆ. ಎಲ್ಲಕ್ಕಿಂತ ಕಷ್ಟ ಹಂಪು. ಓಡಿಸುವವನಿಗೆ ಹಂಪು ಕಾಣುತ್ತೆ, ಅವನು ಹ್ಯಾಂಡಲ್ ಹಿಡಿದು, ಕಾಲೂರಿ, ಸ್ವಲ್ಪ ಎದ್ದು ದಾಟಿಸಿಬಿಡುತ್ತಾನೆ. ಹಿಂದೆ ಕೂತವನಿಗೆ ಹಂಪು ಗೊತ್ತಾಗೋದು ಬೆನ್ನುಮೂಳೆಗೆ ಬಂದ ಮೇಲೆ.

ಇದರ ಹಿಂದೆ ಸರಳ ಲೆಕ್ಕ ಇದೆ. ಓಡಿಸುವವನು ಕೂರೋದು ಎರಡು ಚಕ್ರದ ನಡುವೆ. ಹಿಂದಿನವರು ಕೂರೋದು ಹೆಚ್ಚುಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೆ. ಏತದ ಮರದ ನಡುವೆ ಕೂತವನಿಗೂ ತುದಿಯಲ್ಲಿ ಕೂತವನಿಗೂ ಇರುವ ವ್ಯತ್ಯಾಸ ಅದು. ಮೊಬೈಲಿನ ಅಲುಗಾಟ ಅಳೆಯುವ ಆಪ್ ಹಾಕಿ ಫೋನನ್ನು ಒಂದು ಸಲ ನನ್ನ ಸೀಟಿಗೆ, ಇನ್ನೊಂದು ಸಲ ಅವ್ವನ ಸೀಟಿಗೆ ಕಟ್ಟಿ ಅದೇ ರಸ್ತೆಯಲ್ಲಿ ಓಡಿಸಿದೆ. ಅವ್ವನ ಸೀಟಿನ ಗೆರೆ ಮಲೆನಾಡಿನ ಬೆಟ್ಟದ ಥರ, ನನ್ನದು ನಮ್ಮ ಬಯಲುಸೀಮೆ. ಕೂತ ಮನುಷ್ಯನ ದೇಹಕ್ಕೆ ಮೇಲೆ ಕೆಳಗಿನ ಅಲುಗಾಟದಲ್ಲಿ ಸೆಕೆಂಡಿಗೆ 4ರಿಂದ 8 ಸಲ ಬರುವಂಥದ್ದೇ ಹೆಚ್ಚು ತಾಗುತ್ತೆ ಅಂತ ಐಎಸ್ಒ 2631 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತೆ. ಕೆಟ್ಟ ರಸ್ತೆಯ ಅಲುಗಾಟದಲ್ಲಿ ಇಂಥದ್ದಕ್ಕೇನೂ ಬರ ಇಲ್ಲ.

ಆಮೇಲೆ ನಾನು ಎಲ್ಲ ಸಾಫ್ಟ್‌ವೇರ್ ಎಂಜಿನಿಯರುಗಳು ಮಾಡುವುದನ್ನೇ ಮಾಡಿದೆ. ಯೋಚನೆ ಮಾಡುವ ಮೊದಲು ಆನ್‌ಲೈನಲ್ಲಿ ಆರ್ಡರ್ ಮಾಡಿದೆ. ಮೊದಲು ಬಂದದ್ದು ಜೆಲ್ ಪ್ಯಾಡು. ನೆರಳಲ್ಲಿ ಚೆನ್ನಾಗಿತ್ತು. ಏಪ್ರಿಲ್ ತಿಂಗಳು, ಮಾವನ ಮನೆಯ ಅಂಗಳದಲ್ಲಿ ಎರಡು ಗಂಟೆ ಬಿಸಿಲಿಗೆ ನಿಂತ ಬೈಕು. ಅವ್ವ ಕೂತವಳೇ ಎದ್ದು, 'ಇದೇನ್ಲಾ, ರೊಟ್ಟಿ ಹಂಚು ಇಟ್ಟಿದ್ದೀಯ?' ಅಂದಳು. ಆಮೇಲೆ ಸೀಟಿನ ಸ್ಪಂಜು ತೆಗೆಸಿ ತುಂಬ ಮೆತ್ತನೆಯದು ಹಾಕಿಸಿದೆ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ಮೋಡದ ಹಾಗಿತ್ತು. ಎರಡನೇ ಪ್ರಯಾಣಕ್ಕೇ ಮೋಡ ಕರಗಿತು. ಮೆತ್ತನೆ ಸ್ಪಂಜು ಮೈಭಾರಕ್ಕೆ ಪೂರ್ತಿ ಕುಸಿದು ಕೆಳಗಿನ ಪ್ಲಾಸ್ಟಿಕ್ಕಿಗೆ ಅಂಟಿಬಿಡುತ್ತೆ, ಅಲ್ಲಿಂದ ಮುಂದೆ ಕೂತಿರೋದು ಪ್ಲಾಸ್ಟಿಕ್ಕಿನ ಮೇಲೇ. ಐದು ನಿಮಿಷಕ್ಕೆ ಹಿತವಾದದ್ದು ಒಂದು ಗಂಟೆಗೆ ಹಿತ ಅಲ್ಲ. ಇಷ್ಟು ತಿಳಿಯೋಕೆ ನನಗೆ ನಾಲ್ಕು ಸಾವಿರ ರೂಪಾಯಿ ಬೇಕಾಯಿತು.

ದಾರಿ ತೋರಿಸಿದ್ದು ಮಾವನ ಹಾಸಿಗೆ. ಮಲಗಿದ್ದವರಿಗೆ ಬೆನ್ನಲ್ಲಿ ಹುಣ್ಣಾಗದಿರಲಿ ಅಂತ ಡಾಕ್ಟರು ಗಾಳಿ ಹಾಸಿಗೆ ಹಾಕಿಸಿದ್ದರು. ಉದ್ದುದ್ದ ಕೊಳವೆಗಳು, ಒಂದು ಬಿಟ್ಟು ಒಂದಕ್ಕೆ ಗಾಳಿ ತುಂಬುತ್ತೆ, ಸ್ವಲ್ಪ ಹೊತ್ತಿಗೆ ಅದು ಇಳಿದು ಪಕ್ಕದ್ದು ಉಬ್ಬುತ್ತೆ. ಮೋಟಾರು ಸಣ್ಣಗೆ ಗುಂಯ್ಗುಡುತ್ತಾ ಇರುತ್ತೆ. ಅದರ ಮೇಲೂ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ ಅಂತ ಹೇಳಿದ್ದರು. ಅವ್ವ ಮಾವನ ಭುಜ ಹಿಡಿದು ಈ ಕಡೆ ಹೊರಳಿಸುವುದನ್ನು ನೋಡುತ್ತಾ ಕೂತಿದ್ದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯೋದಿಲ್ಲ, ಅದಕ್ಕೇ ಜಾಗ ಬದಲಿಸಬೇಕು, ಭಾರ ಹಂಚಬೇಕು. ಅಲುಗಾಡೋಕೆ ಆಗದ ಅಣ್ಣನನ್ನು ನೋಡೋಕೆ, ಅಲುಗಾಡೋಕೆ ಜಾಗ ಇಲ್ಲದ ಸೀಟಿನ ಮೇಲೆ ತಂಗಿ ಬರುತ್ತಿದ್ದಾಳೆ. ಅವಳು ಹೂವು ಬಾಳೆಹಣ್ಣು ಅಂತ ನಿಲ್ಲಿಸುತ್ತಿದ್ದದ್ದೂ ಮಗ್ಗಲು ಬದಲಿಸೋದೇ.

ಗಾಲಿಕುರ್ಚಿಯವರಿಗೆ ಮಾಡುವಂಥ ಗಾಳಿಗುಳ್ಳೆಗಳ ದಿಂಬು ಬೈಕಿಗೂ ಬರುತ್ತೆ. ತರಿಸಿದೆ. ಅದಕ್ಕೆ ಗಾಳಿ ಗಟ್ಟಿಯಾಗಿ ತುಂಬಬಾರದು, ತುಂಬಿದರೆ ಚೆಂಡಿನ ಮೇಲೆ ಕೂತ ಹಾಗೆ. ಕೂತವರ ಮೂಳೆ ತಳಕ್ಕೆ ತಾಗದೆ ಒಂದು ಬೆರಳಿನಷ್ಟು ಮೇಲೆ ತೇಲುತ್ತಿರಬೇಕು. ಎರಡೂ ಕಡೆ ಕಾಲು ಹಾಕಿ ಕೂರುವವರಿಗೆ ಇದು ಬಹಳ ಒಳ್ಳೆಯದು, ನಾನೇ ಕೂತು ನೋಡಿದ್ದೇನೆ. ಒಂದೇ ಕಡೆ ಕಾಲು ಹಾಕುವ ಅವ್ವನಿಗೆ ತೆಪ್ಪದ ಮೇಲೆ ಕೂತಂತಾಗಿ, ತಿರುವಿನಲ್ಲಿ ನನ್ನ ಅಂಗಿ ಹರಿಯುವ ಹಾಗೆ ಹಿಡಕೊಂಡಳು. ಅದು ಈಗ ನಮ್ಮನೆಯಲ್ಲಿ ನನ್ನ ಆಫೀಸ್ ಕುರ್ಚಿಯ ಮೇಲಿದೆ.

ಆಮೇಲೆ ಖರ್ಚಿಲ್ಲದ ಕೆಲಸಗಳ ಕಡೆ ಬಂದೆ. ಅವನ್ನು ಮೊದಲು ಮಾಡಬೇಕಿತ್ತು. ಸೀಟಿನ ಕೆಳಗೆ ಐದು ವರ್ಷದಿಂದ ಮಲಗಿದ್ದ ಟೂಲ್ ಕಿಟ್ಟಿನಲ್ಲಿ ಕೊಕ್ಕೆಯಂಥ ಒಂದು ಸ್ಪ್ಯಾನರ್ ಇತ್ತು. ಅದು ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿ ಮಾಡೋಕೆ. ಒಬ್ಬನೇ ಓಡಾಡುವಾಗಿನ ಬಿಗಿ ಬೇರೆ, ಇಬ್ಬರಾದಾಗ ಬೇರೆ. ನನ್ನದು ಒಬ್ಬನ ಲೆಕ್ಕಕ್ಕೇ ಇತ್ತು. ಇಬ್ಬರು ಕೂತರೆ ಸ್ಪ್ರಿಂಗು ಮೊದಲೇ ಬಹಳ ಕುಸಿದಿರುತ್ತೆ, ಗುಂಡಿ ಬಂದಾಗ ಕುಸಿಯೋಕೆ ಜಾಗ ಉಳಿದಿರಲ್ಲ, ಅಲ್ಲಿಂದ ಮುಂದಿನ ಏಟು ಅವ್ವನ ಬೆನ್ನಿಗೆ. ಎರಡು ಮೆಟ್ಟಿಲು ಬಿಗಿ ಮಾಡಿದೆ. ಇನ್ನೊಂದು ಟೈರಿನ ಗಾಳಿ. ಬಂಕಿನ ಹುಡುಗ ಕೇಳದೆಯೇ ಮುಂದೆ ಹಿಂದೆ ಎರಡಕ್ಕೂ ಒಂದೇ ಲೆಕ್ಕದಲ್ಲಿ ಕಲ್ಲಿನ ಹಾಗೆ ತುಂಬಿಸುತ್ತಿದ್ದ, ನಾನು ಮೊಬೈಲ್ ನೋಡುತ್ತಾ ನಿಂತಿರುತ್ತಿದ್ದೆ. ಹಿಂದೆ ಒಬ್ಬರು ಕೂತಾಗ ಎಷ್ಟಿರಬೇಕು ಅಂತ ಬೈಕಿನ ಪುಸ್ತಕದಲ್ಲೇ ಬರೆದಿರುತ್ತೆ. ಆ ಲೆಕ್ಕಕ್ಕೆ ಇಳಿಸಿದೆ. ಈ ಎರಡರಿಂದಲೇ ಅಮೃತಮಹಲ್ ದನ ನೋಡುವ ನಿಲುಗಡೆ ತಪ್ಪಿತು. ಆ ದನಗಳ ಮೇಲೆ ಅವ್ವನಿಗೆ ಅಂಥ ಪ್ರೀತಿಯೇನೂ ಇರಲಿಲ್ಲ ಅಂತ ಆಗ ಖಾತ್ರಿ ಆಯಿತು.

ಇನ್ನು ಸೀಟು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಎಲ್ಲರೂ ಕೇಳಿದ್ದು ಬೈಕಿನ ಮಾಡೆಲ್, ಆಮೇಲೆ ಬಣ್ಣ. ಕಡೂರಿನಲ್ಲಿ ಟ್ರ್ಯಾಕ್ಟರು, ಆಟೋ ಸೀಟು ಹೊಲಿಯುವ ಒಬ್ಬರಿದ್ದಾರೆ, ಎಲ್ಲರೂ ಅವರನ್ನು ಮಾಮ ಅಂತಾರೆ. ಅವರು ಕೇಳಿದ್ದು ಬೇರೆ.

'ಕೂರೋರು ಯಾರು?'

'ನಮ್ಮವ್ವ.'

'ಹಂಗಾದ್ರೆ ಅವರನ್ನ ಕರ್ಕೊಂಡ್ ಬಾ. ಗಾಡಿ ಆಮೇಲೆ ನೋಡೋಣ.'

ಅವ್ವನನ್ನು ಕರೆದುಕೊಂಡು ಹೋದೆ. ಮಾಮ ಹಳೆಯ ಸ್ಪಂಜಿನ ಒಂದು ತುಂಡನ್ನು ಸೀಟಿನ ಮೇಲಿಟ್ಟು, ಬೈಕನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, 'ಅಕ್ಕಾ, ನೀವು ಹೆಂಗ್ ಕೂರ್ತೀರೋ ಹಂಗೇ ಕೂತ್ಕಳಿ, ಹತ್ ನಿಮಿಷ' ಅಂದರು. ಅವ್ವ ಅಂಗಡಿಯ ಮುಂದೆ ಗಂಡಸರ ನಡುವೆ ಸೆರಗು ಹೊದ್ದು ಕೂತಳು. ಎದ್ದ ಮೇಲೆ ಸ್ಪಂಜಿನಲ್ಲಿ ಎಲ್ಲಿ ಹೆಚ್ಚು ಕುಸಿದಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಆಮೇಲೆ ಕೇಳಿದರು, 'ಎಲ್ಲಿ ನೋವು?' ಎರಡು ವರ್ಷ ನನಗೆ 'ಚೆನ್ನಾಗೇ ಐತೆ' ಅಂದ ಅವ್ವ ಆ ಮನುಷ್ಯನಿಗೆ ಎರಡು ನಿಮಿಷದಲ್ಲಿ ಎಲ್ಲ ಹೇಳಿದಳು. ಅಂಚು ತೊಡೆ ಕೊಯ್ಯುತ್ತೆ, ಪಾದಕ್ಕೆ ಹಲಗೆ ಸಿಗಲ್ಲ, ಕಾಲು ನೇತಾಡುತ್ತೆ, ಮುಂದಕ್ಕೆ ಜಾರುತ್ತೆ, ಕೂತ್ಕೊಂಡೋಳಿಗೆ ಹಿಡಿಯೋಕೆ ಏನೂ ಇಲ್ಲ. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳೋಣ ಅನಿಸಿತು. ಅವರು ಕೇಳಿದ ಪ್ರಶ್ನೆ ನಾನು ಕೇಳಿರಲಿಲ್ಲ. 'ಆರಾಮಾಗಿದೆಯಾ?' ಅಂತ ಕೇಳುತ್ತಿದ್ದೆ. ಕರೆದುಕೊಂಡು ಹೋಗುವ ಮಗ ಹಾಗೆ ಕೇಳಿದರೆ ಹೂಂ ಅನ್ನದೆ ಇನ್ನೇನು ಅಂತಾಳೆ?

ಮಾಮ ಮೂರು ಪದರ ಹಾಕಿದರು. ತಳಕ್ಕೆ ರೀಬಾಂಡೆಡ್, ಅಂದರೆ ಸ್ಪಂಜಿನ ಚೂರುಗಳನ್ನೇ ಅಂಟು ಹಾಕಿ ಒತ್ತಿ ಮಾಡಿದ ಗಟ್ಟಿ ಹಲಗೆ. ಅದರ ಮೇಲೆ 40 ಡೆನ್ಸಿಟಿ ಫೋಮು. ಈ ನಂಬರು ಮೆತ್ತಗೆ ಗಟ್ಟಿಗೆ ಸಂಬಂಧಪಟ್ಟಿದ್ದಲ್ಲ, ಒಂದು ಘನ ಮೀಟರ್ ಫೋಮು ಎಷ್ಟು ಕೆಜಿ ತೂಗುತ್ತೆ ಅನ್ನೋದು. ನಂಬರು ಕಡಿಮೆಯಾದಷ್ಟು ಬೇಗ ಚಪ್ಪಟೆ ಆಗುತ್ತೆ. ಎಲ್ಲಕ್ಕೂ ಮೇಲೆ ಅರ್ಧ ಇಂಚು ಮಾತ್ರ ಮೆತ್ತನೆಯದು. ಇಳಿಜಾರು ಹೋಗುವಂತೆ ಮುಂದಿನ ಭಾಗ ಎತ್ತರಿಸಿದರು. ಅಗಲ ಒಂದೂವರೆ ಇಂಚು ಜಾಸ್ತಿ ಮಾಡಿದರು. ಎಡಗಡೆಯ ಅಂಚನ್ನು ಚಾಕುವಿನಿಂದ ಕೆತ್ತಿ, ಕೆರೆಯ ಕೋಡಿ ಮೇಲೆ ನೀರು ಇಳಿಯುವ ಹಾಗೆ ದುಂಡಗೆ ಇಳಿಸಿದರು. ರೆಕ್ಸಿನ್ನು ಜಾರದ ಜಾತಿಯದು, ಹೊಲಿಗೆ ಕೂರುವ ಜಾಗದಲ್ಲಿ ಬರದಂತೆ ಪಕ್ಕಕ್ಕೆ. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಲೇಡೀಸ್ ಫುಟ್‌ರೆಸ್ಟನ್ನು ಎರಡು ಇಂಚು ಮೇಲಕ್ಕೆ ಮಾಡಿಸಿದೆವು. ಅವ್ವನ ಎಡಗೈಗೆ ಸಿಗುವ ಹಾಗೆ ಹಿಂದಿನ ಕಂಬಿಗೆ ಒಂದು ಹಿಡಿ ಬಂತು. ಎಲ್ಲ ಸೇರಿ ನನ್ನ ವಿಂಡ್‌ಶೀಲ್ಡಿನ ಅರ್ಧ ಬೆಲೆ ಆಗಲಿಲ್ಲ.

ಹಿಂದಿನವರಿಗೆ ಹಿಡಿ, ಕಾಲಿಡೋಕೆ ಜಾಗ, ಸೀರೆ ಚಕ್ರಕ್ಕೆ ಸಿಗದಂತೆ ಅರ್ಧ ಚಕ್ರ ಮುಚ್ಚುವ ಕವಚ, ಇವು ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತೆ. ಇರಬೇಕು ಅನ್ನುತ್ತೆ, ನಮ್ಮವ್ವನ ಪಾದಕ್ಕೆ ಎಟುಕಬೇಕು ಅಂತ ಯಾವ ಕಾನೂನು ಬರೆಯೋಕಾಗುತ್ತೆ?

ಈ ಕಥೆ ಹೇಳಿದಾಗ ನಮ್ಮೂರಿನ ಹಿರಿಯರೊಬ್ಬರು, 'ಇವೆಲ್ಲ ಈಗಿನ ಗಾಡಿ ಕರ್ಮ, ನಿಮ್ಮಪ್ಪನ ಯೆಜ್ಡಿ ಸೀಟು ಹೆಂಗಿತ್ತು!' ಅಂದರು. ನಿಜ, ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾಗುತ್ತಿದ್ದ ಆ ಗಾಡಿಗೆ ಮುಂದಿನಿಂದ ಹಿಂದಿನವರೆಗೂ ಒಂದೇ ಉದ್ದನೆಯ ಮಟ್ಟಸ ಸೀಟು. ಟ್ಯಾಂಕಿನ ಮೇಲೆ ನಾನು, ಅಪ್ಪ, ಹಿಂದೆ ಅವ್ವ, ಅವಳ ತೊಡೆಯ ಮೇಲೆ ತಂಗಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು, ಆಮೇಲೂ ಬಹಳ ವರ್ಷ ಅಪ್ಪ ಅದನ್ನೇ ಓಡಿಸಿದರು. ನನಗೂ ಆ ಸೀಟಿನ ಬಗ್ಗೆ ಒಳ್ಳೆಯ ನೆನಪೇ ಇದೆ. ಅವ್ವನನ್ನು ಕೇಳಿದೆ. 'ಸೀಟು ಏನೋ ಚೆನ್ನಾಗೇ ಇತ್ತಪ್ಪ. ಆದ್ರೆ ಅದಕ್ಕೆ ಎರಡೂ ಕಡೆ ಸೈಲೆನ್ಸರು. ಈ ಕಡೆ ಕೂತ್ರೂ ಸುಡೋದು, ಆ ಕಡೆ ಕೂತ್ರೂ ಸುಡೋದು' ಅಂತ ಸೀರೆ ಒಂಚೂರು ಎತ್ತಿ ಮೀನಖಂಡದ ಮೇಲಿನ ಹಳೇ ಕಲೆ ತೋರಿಸಿದಳು. ನಾನು ಆ ಕಲೆಯನ್ನು ಒಲೆಯ ಬೆಂಕಿಯದು ಅಂದುಕೊಂಡೇ ಬೆಳೆದವನು.

ಹೊಸ ಸೀಟಿನಲ್ಲಿ ಹೂವಿನ ನಿಲುಗಡೆಯೂ ತಪ್ಪಿತು. ಹುಣಸೆಮರ ಮಾತ್ರ ಉಳಿಯಿತು. ಸೀಟು ಏನೇ ಮಾಡಿದರೂ ಒಂದು ಕಡೆ ಕೂತವರ ಬೆನ್ನು ತಿರುಚಿಯೇ ಇರುತ್ತೆ, ಹಂಪು ಬಂದಾಗ ಎದ್ದು ನಿಲ್ಲೋಕೆ ಎರಡೂ ಪಾದಕ್ಕೆ ಆಧಾರ ಇರೋದಿಲ್ಲ. ಎರಡೂ ಕಡೆ ಕಾಲು ಹಾಕಿದರೆ ಹಂಪಿನಲ್ಲಿ ಅರ್ಧ ಭಾರ ಕಾಲಿಗೆ ಹೋಗುತ್ತೆ. ಬೀಳುವ ಭಯವೂ ಕಡಿಮೆ. ಇದನ್ನು ನಾನು ಅವ್ವನಿಗೆ ಬಿಡಿಸಿ ಹೇಳಿದೆ. ಚೂಡಿದಾರ ತಂದುಕೊಡ್ತೀನಿ ಅಂದೆ. 'ನಿಂಗೆ ತಲೆ ಕೆಟ್ಟೈತೆ' ಅಂದಳು. 2016ರ ಜನವರಿಯಲ್ಲಿ ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಆದಾಗಲೂ ಹೀಗೇ ಅಂದಿದ್ದಳು, ಆಮೇಲೆ ಮುಡಿದ ಹೂವು ಹೆಲ್ಮೆಟ್ಟಿಗೆ ಸಿಗದ ಹಾಗೆ ತುರುಬನ್ನು ಕೆಳಕ್ಕೆ ಕಟ್ಟೋದು ಕಲಿತಳು. ಹಾಗಾಗಿ ನಾನು ಮತ್ತೆ ಹೇಳಲಿಲ್ಲ.

ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಅತ್ತೆಯ ಫೋನು ಬಂತು. ಮಾವ ರಾತ್ರಿಯೆಲ್ಲ ಅವ್ವನ ಹೆಸರೇ ಹೇಳುತ್ತಿದ್ದರಂತೆ, ಬೇಗ ಬನ್ನಿ ಅಂದರು. ಹೊರಟೆವು. ಊರು ದಾಟಿ, ಕೊನೆಯ ತೆಂಗಿನ ತೋಟವೂ ಮುಗಿದ ಮೇಲೆ ಅವ್ವ ಬೆನ್ನು ತಟ್ಟಿದಳು. 'ನಿಲ್ಸು.' ನೋವು ಅಂದುಕೊಂಡು ನಿಲ್ಲಿಸಿದೆ. ಅವಳು ಇಳಿದು, ಹಿಂದೆ ಮುಂದೆ ರಸ್ತೆ ನೋಡಿ, ನಾಟಿಗೆ ಇಳಿಯುವವರ ಹಾಗೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ತಂಗಿಯ ಹಳೆಯ ಪ್ಯಾಂಟು. ನನ್ನ ಭುಜ ಹಿಡಿದು, ಬಲಗಾಲನ್ನು ಆಚೆ ಕಡೆಗೆ ಹಾಕಿ, ಒಂದು ಸಲ ಹಿಂದಕ್ಕೂ ಮುಂದಕ್ಕೂ ಅಲುಗಾಡಿ ಜಾಗ ಮಾಡಿಕೊಂಡಳು.

'ಹೂಂ, ಈಗ ಜೋರಾಗಿ ಹೊಡಿ' ಅಂದಳು.

ಎಲ್ಲೂ ನಿಲ್ಲಿಸಲಿಲ್ಲ. ಹಂಪು ಬಂದಾಗ ನಾನು 'ಹಂಪು' ಅಂತ ಕೂಗುತ್ತಿದ್ದೆ, ಹಿಂದೆ ಅವಳು ಎದ್ದು ಕೂರೋದು ನನ್ನ ಭುಜದ ಮೇಲಿನ ಕೈಯ ಭಾರದಲ್ಲಿ ಗೊತ್ತಾಗುತ್ತಿತ್ತು. ಹುಣಸೆಮರ ಯಾವಾಗ ದಾಟಿತೋ ಇಬ್ಬರೂ ನೋಡಲಿಲ್ಲ. ಮಾವನಿಗೆ ಅವತ್ತು ಏನೂ ಆಗಲಿಲ್ಲ. ಅವ್ವ ಹೋಗಿ ಮೊದಲ ಸಲ ನೇರವಾಗಿ ಮಂಚದ ಪಕ್ಕ ಚಾಪೆಯ ಮೇಲೆ ಕೂತಳು. ಗಂಜಿ ಕುಡಿಸಿದಳು. ಗಾಳಿ ಹಾಸಿಗೆ ಗುಂಯ್ಗುಡುತ್ತಿತ್ತು. ಸಂಜೆಯವರೆಗೂ ಅಲ್ಲೇ ಇದ್ದಳು.

ವಾಪಸ್ ಬರುವಾಗ ಕತ್ತಲಾಗಿತ್ತು. ದೇವಸ್ಥಾನದ ದೀಪ ಕಾಣುವ ತಿರುವಿನಲ್ಲಿ ಮತ್ತೆ ಬೆನ್ನು ತಟ್ಟಿದಳು. ಇಳಿದು, ಸೀರೆ ಕೆಳಗೆ ಬಿಟ್ಟು, ನೆರಿಗೆ ಸರಿಮಾಡಿಕೊಂಡು, ಎರಡೂ ಕಾಲು ಎಡಗಡೆಗೆ ಹಾಕಿ ಕೂತಳು. 'ಈಗ ಮೆಲ್ಲಗೆ ಹೋಗು' ಅಂದಳು.